ಎರಡು ತಾಸು, ಒಂಬತ್ತು ಸಾವಿರ ಪದ

ಮಳೆ ಹಿಡಿದ ಜೂನ್ ತಿಂಗಳ ಒಂದು ಭಾನುವಾರ, ಸಾಗರ ಪೇಟೆಯ ಆಚೆಯ ಹಳ್ಳಿಯಿಂದ ತಂದೆ ಮಗಳು ನಮ್ಮ ಮನೆಗೆ ಬಂದರು. ಮಗಳು ಎರಡನೇ ಪಿಯುಸಿ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ತಂದೆಗೆ ಒಂದೂವರೆ ಎಕರೆ ಅಡಿಕೆ ತೋಟ. ಹುಡುಗಿ ಬ್ಯಾಗಿನಿಂದ ನಾಲ್ಕು ದಪ್ಪ ಗೈಡು ತೆಗೆದು ಟೀಪಾಯಿಯ ಮೇಲಿಟ್ಟಳು. ಒಂದರಲ್ಲಿ ಕಠಿಣ ಇಂಗ್ಲಿಷ್ ಪದಗಳ ಪಟ್ಟಿ, ಇನ್ನೊಂದರಲ್ಲಿ ಲ್ಯಾಟಿನ್ ಸೂತ್ರಗಳು, ಮತ್ತೊಂದರಲ್ಲಿ ದೇಶ, ರಾಜಧಾನಿ, ನಾಣ್ಯ. "ಸರ್, ಇಷ್ಟನ್ನೂ ಬಾಯಿಪಾಠ ಮಾಡಿದ್ರೆ ಕ್ಲಾಟ್ ಆಗುತ್ತಾ?" ಎಂದು ಕೇಳಿದಳು.

ಗೈಡುಗಳನ್ನು ಬದಿಗೆ ಸರಿಸಿ ಅಂದಿನ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಕೊಟ್ಟೆ. ಓದಿ, ಅದರಲ್ಲಿ ಏನಿದೆ ಅಂತ ಅಪ್ಪನಿಗೆ ಕನ್ನಡದಲ್ಲಿ ಹೇಳು ಎಂದೆ. ಒಂದೊಂದು ಸಾಲು ಓದುವುದು, ಆ ಸಾಲನ್ನು ಕನ್ನಡಕ್ಕೆ ತರುವುದು, ಹೀಗೆ ಹತ್ತು ನಿಮಿಷ ಹಿಡಿಯಿತು. ತಪ್ಪೇನೂ ಇರಲಿಲ್ಲ. "ಸರಿ, ಒಟ್ಟಾರೆ ಬರೆದವರು ಏನು ಹೇಳ್ತಿದ್ದಾರೆ?" ಎಂದು ಕೇಳಿದರೆ ಮಾತ್ರ ಸುಮ್ಮನಾದಳು. ಅಷ್ಟರಲ್ಲಿ ಅಪ್ಪ ಬಾಯಿಬಿಟ್ಟರು: "ಇರೋ ಕಾಯ್ದೆ ಜಾರಿ ಮಾಡೋಕೇ ಜನ ಇಲ್ಲ, ಇನ್ನೊಂದು ಕಾಯ್ದೆ ತಂದು ಏನು ಮಾಡ್ತೀರಿ ಅಂತ ಕೇಳ್ತಿದಾರೆ ಅಲ್ವಾ?" ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು ಅವರು. ಸಂಪಾದಕೀಯದ ತಿರುಳನ್ನು ಒಂದೇ ಮಾತಿನಲ್ಲಿ ಹಿಡಿದಿದ್ದರು. ಮಾತಾಡಿಸುತ್ತ ಹೋದಾಗ ತಿಳಿಯಿತು, ಸುತ್ತಲ ಊರುಗಳಲ್ಲಿ ತಾಳಮದ್ದಳೆ ಎಲ್ಲಿದ್ದರೂ ಬೆಳಗಿನ ಜಾವದವರೆಗೆ ಕೂತು ಕೇಳುವವರು.

ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡಿಕೊಂಡಿರುವ ನಾನು ಕೆಲವು ವರ್ಷಗಳಿಂದ ಭಾನುವಾರಗಳನ್ನು ಇಂಥ ಮಕ್ಕಳಿಗೆ ಮೀಸಲಿಟ್ಟಿದ್ದೇನೆ. ಅವರ ಜೊತೆ ಕೂತು ನನಗೆ ಗಟ್ಟಿಯಾದ ಒಂದು ನಂಬಿಕೆ ಇದೆ. ಕಾನೂನು ಶಾಲೆಯ ಪ್ರವೇಶ ಪರೀಕ್ಷೆ ಈಗ ನೆನಪಿನ ಪರೀಕ್ಷೆಯಾಗಿ ಉಳಿದಿಲ್ಲ, ಅದು ಓದಿನ ಪರೀಕ್ಷೆ. ಓದಿದ್ದನ್ನು ಕೇಳಿಸಿಕೊಂಡು ತೂಗುವ ಶಕ್ತಿ ಕನ್ನಡದ ಮಕ್ಕಳಲ್ಲಿ ಬೇಕಾದಷ್ಟಿದೆ. ಅದನ್ನು ಇಂಗ್ಲಿಷಿನ ಪುಟಕ್ಕೆ ದಾಟಿಸುವುದೇ ತಯಾರಿ.

ಕ್ಲಾಟ್ ಎಂದರೆ ಕಾಮನ್ ಲಾ ಅಡ್ಮಿಷನ್ ಟೆಸ್ಟ್. ಅದರ ಬೇರು ಇರುವುದು ನಮ್ಮಲ್ಲೇ. 1986ರಲ್ಲಿ ಕರ್ನಾಟಕದ ವಿಧಾನಮಂಡಲ ಮಾಡಿದ ಕಾಯ್ದೆಯಿಂದ ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಹುಟ್ಟಿತು. ಎನ್.ಆರ್. ಮಾಧವ ಮೆನನ್ ಅದರ ಮೊದಲ ನಿರ್ದೇಶಕರು. ಪಿಯುಸಿ ಮುಗಿಸಿದವರು ನೇರವಾಗಿ ಸೇರಿ ಐದು ವರ್ಷ ಕಾನೂನು ಓದುವ ಆ ಮಾದರಿಯನ್ನು ನೋಡಿ ಬೇರೆ ರಾಜ್ಯಗಳೂ ಒಂದೊಂದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕಟ್ಟಿಕೊಂಡವು. ಒಂದೊಂದಕ್ಕೂ ಬೇರೆ ಬೇರೆ ಪರೀಕ್ಷೆ, ಬೇರೆ ಬೇರೆ ಊರಿಗೆ ಓಡಾಟ. ಆ ಪಾಡು ತಪ್ಪಿದ್ದು 2008ರಲ್ಲಿ, ಏಳು ಸಂಸ್ಥೆಗಳು ಸೇರಿ ಮೊದಲ ಕ್ಲಾಟ್ ನಡೆಸಿದಾಗ. ಇಂದು ಇಪ್ಪತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಿಗೆ ಇದೇ ಬಾಗಿಲು. ಪರೀಕ್ಷೆ ನಡೆಸುವ ಒಕ್ಕೂಟದ ಕಚೇರಿ ಇರುವುದೂ ಬೆಂಗಳೂರಿನ ಆ ಶಾಲೆ ಇರುವ ನಾಗರಬಾವಿಯಲ್ಲೇ. ಅಲ್ಲಿನ ಶಾಲೆಯಲ್ಲಿ ಈಗ ಶೇ 25ರಷ್ಟು ಸೀಟು ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದ ವಿದ್ಯಾರ್ಥಿಗಳಿಗೆ ಮೀಸಲು. ಈ ಮಾತು ನಮ್ಮ ಹಳ್ಳಿಯ ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ದೊಡ್ಡದಾಗಿ ಕಾಣಬೇಕು. ನಾನು ಹೋದ ಯಾವ ಕಾಲೇಜಿನಲ್ಲೂ ಅದು ಕಂಡಿಲ್ಲ.

ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಭಾರತೀಯ ಭಾಷೆಗಳಲ್ಲೂ ನಡೆಸಬೇಕೆಂದು 2023ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ ಬಂದಿತ್ತು. ನಾನು ಆ ಬೇಡಿಕೆಯ ಪರ. ಕಕ್ಷಿದಾರನ ಭಾಷೆಯಲ್ಲಿ ಯೋಚಿಸಬಲ್ಲ ವಕೀಲ ಈ ನಾಡಿಗೆ ಬೇಕು, ಅವನನ್ನು ಬಾಗಿಲಲ್ಲೇ ತಡೆಯಬಾರದು. ಆದರೆ ಬರುವ ಡಿಸೆಂಬರಿನಲ್ಲಿ ಬರೆಯುವ ಮಗು ಅದು ಈಡೇರುವವರೆಗೆ ಕಾಯಲಾರದು.

ಆ ನಾಲ್ಕು ಗೈಡುಗಳು ಹಳೆಯ ಪರೀಕ್ಷೆಗೆ ಬರೆದವು. ಮೊದಲು ಎರಡು ಗಂಟೆಯಲ್ಲಿ 200 ಪ್ರಶ್ನೆ ಇರುತ್ತಿದ್ದವು. ಸಾಮಾನ್ಯ ಜ್ಞಾನಕ್ಕೇ 50. ಯಾವ ದೇಶದ ರಾಜಧಾನಿ ಯಾವುದು, ಯಾವ ಪ್ರಶಸ್ತಿ ಯಾರಿಗೆ ಎಂದು ಕೇಳುತ್ತಿದ್ದರು. 2020ರಲ್ಲಿ ಅದೆಲ್ಲ ಬದಲಾಯಿತು. ಪ್ರತಿ ವಿಭಾಗದಲ್ಲೂ ಗರಿಷ್ಠ 450 ಪದಗಳ ಪ್ಯಾಸೇಜು ಕೊಟ್ಟು, ಅದನ್ನು ಓದಿ ಉತ್ತರಿಸುವ ಪ್ರಶ್ನೆಗಳು ಬಂದವು. ಒಟ್ಟು ಪ್ರಶ್ನೆ 150ಕ್ಕೆ ಇಳಿಯಿತು. 2023ರ ಡಿಸೆಂಬರಿನಲ್ಲಿ ನಡೆದ ಪರೀಕ್ಷೆಯಿಂದ ಅದು 120. ಸಮಯ ಅದೇ ಎರಡು ಗಂಟೆ. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ.

ಒಂದು ಪ್ಯಾಸೇಜಿಗೆ ಆರು ಪ್ರಶ್ನೆ ಎಂದು ಹಿಡಿದರೆ 120 ಪ್ರಶ್ನೆಗೆ ಇಪ್ಪತ್ತು ಪ್ಯಾಸೇಜು. ಎಲ್ಲವೂ ಗರಿಷ್ಠ ಉದ್ದದವಾದರೆ ಇಪ್ಪತ್ತು 450, ಒಂಬತ್ತು ಸಾವಿರ ಪದ. ನಿಮಿಷಕ್ಕೆ ನೂರು ಪದ ಓದುವ ಹುಡುಗನಿಗೆ ಓದಿಗೇ ತೊಂಬತ್ತು ನಿಮಿಷ ಬೇಕು. ಉಳಿದ ಅರ್ಧ ಗಂಟೆಯಲ್ಲಿ ಒಂದು ಪ್ರಶ್ನೆಗೆ ಸಿಗುವುದು ಹದಿನೈದು ಸೆಕೆಂಡು. ನಿಮಿಷಕ್ಕೆ ನೂರೈವತ್ತು ಓದುವವನಿಗೆ ಒಂದು ಗಂಟೆ ಉಳಿಯುತ್ತದೆ, ಪ್ರಶ್ನೆಗೆ ಅರ್ಧ ನಿಮಿಷ. ಸೀಟು ಸಿಗುವವನಿಗೂ ಸಿಗದವನಿಗೂ ನಡುವಿನ ಅಂತರ ಎಷ್ಟೋ ಸಲ ಇಷ್ಟೇ. ಬುದ್ಧಿ ಇಬ್ಬರಿಗೂ ಒಂದೇ ಇರುತ್ತದೆ.

ಹಾಗಾಗಿ ಮೊದಲ ಎರಡು ತಿಂಗಳು ಪ್ರಶ್ನೆಪತ್ರಿಕೆಯನ್ನು ಮುಟ್ಟಲೇ ಬೇಡಿ ಎನ್ನುತ್ತೇನೆ. ಒಂದೇ ವಿಷಯದ ಮೇಲೆ ಕನ್ನಡ ಪತ್ರಿಕೆಯಲ್ಲಿ ಬಂದ ಬರಹ ಮೊದಲು, ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಆಮೇಲೆ. ವಿಷಯ ಗೊತ್ತಿದ್ದಾಗ ಅಪರಿಚಿತ ಪದಗಳು ಹೆದರಿಸುವುದಿಲ್ಲ, ಅರ್ಥ ತಾನಾಗಿ ಕೈಗೆ ಬರುತ್ತದೆ. ಓದಿ ಮುಗಿಸಿ ಪತ್ರಿಕೆ ಮಡಚಿಟ್ಟು, ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ಮೂರು ಮಾತು ಹೇಳಬೇಕು: ಬರೆದವರ ನಿಲುವೇನು, ಅದಕ್ಕೆ ಕೊಟ್ಟ ಕಾರಣವೇನು, ಯಾರ ಮಾತನ್ನು ಅವರು ಒಪ್ಪುತ್ತಿಲ್ಲ. ತಾಯಿಭಾಷೆಯಲ್ಲಿ ಹೇಳಲು ಬಾರದಿದ್ದರೆ ಅರ್ಥವಾಗಿಲ್ಲವೆಂದೇ ತಿಳಿಯಬೇಕು. ಇಂಗ್ಲಿಷಿನಲ್ಲೇ ಸಾರಾಂಶ ಬರೆಸಿದರೆ ಮಕ್ಕಳು ಪತ್ರಿಕೆಯ ಪದಗಳನ್ನೇ ಅತ್ತಿತ್ತ ಜೋಡಿಸಿ ತಪ್ಪಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ಆ ದಾರಿ ಇಲ್ಲ. ಅಕ್ಟೋಬರ್ ಹೊತ್ತಿಗೆ ಈ ಊರುಗೋಲನ್ನು ಬಿಡಬೇಕು, ಪರೀಕ್ಷೆಯಲ್ಲಿ ಅದಕ್ಕೆ ಸಮಯ ಇರುವುದಿಲ್ಲ. ಅಷ್ಟರಲ್ಲಿ ಕಾಲಿಗೆ ಬಲ ಬಂದಿರುತ್ತದೆ.

ಇದರ ಜೊತೆಗೆ ಇನ್ನೊಂದು ತೊಡಕಿದೆ, ಅದನ್ನು ಯಾವ ಗೈಡಿನಲ್ಲೂ ನಾನು ನೋಡಿಲ್ಲ. ಕನ್ನಡದ ವಾಕ್ಯದಲ್ಲಿ ಷರತ್ತು ಮೊದಲು ಬರುತ್ತದೆ, ಕ್ರಿಯಾಪದ ಕೊನೆಗೆ. 'ಮಳೆ ಬಂದರೆ ಹೋಗುವುದಿಲ್ಲ.' ಕೊನೆ ಮುಟ್ಟುವವರೆಗೆ ನಾವು ಕಾಯುತ್ತೇವೆ. ಇಂಗ್ಲಿಷಿನ ಕಾನೂನು ವಾಕ್ಯ ಸಾಮಾನ್ಯವಾಗಿ ನಿಯಮವನ್ನು ಮುಂದಿಟ್ಟು ವಿನಾಯಿತಿಯನ್ನು ಬಾಲದಲ್ಲಿ ಕಟ್ಟುತ್ತದೆ. ಕ್ರಿಯಾಪದ ಸಿಕ್ಕಿತಲ್ಲ, ಮಾತು ಮುಗಿಯಿತು ಎಂದು ನಮ್ಮ ಮಕ್ಕಳ ಕಣ್ಣು ಅಲ್ಲೇ ನಿಂತುಬಿಡುತ್ತದೆ. 'ಅನ್‌ಲೆಸ್', 'ಎಕ್ಸೆಪ್ಟ್', 'ಪ್ರೊವೈಡೆಡ್ ದಟ್' ಎಂಬ ಪದಗಳು ಅದರ ಆಚೆ ಇರುತ್ತವೆ. ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ. ನಮ್ಮ ಕನ್ನಡ ಕಾಯ್ದೆಗಳಲ್ಲಿ ಈ ಕೊನೆಯದಕ್ಕೆ 'ಪರಂತು' ಎಂಬ ಪದವಿದೆ. ಅಂಥ ಪದ ಕಂಡಲ್ಲೆಲ್ಲ ಪೆನ್ಸಿಲಿನಿಂದ ಒಂದು ಸುತ್ತು ಹಾಕಿ ಎಂದು ಹೇಳಿಕೊಟ್ಟಿದ್ದೇನೆ. ಪ್ಯಾಸೇಜಿನಲ್ಲಿ ಎಷ್ಟು ಸುತ್ತು ಬಿದ್ದಿವೆಯೋ ಅಷ್ಟು ಪ್ರಶ್ನೆಗಳ ಉತ್ತರ ಅಲ್ಲಿ ಅಡಗಿರುವ ಸಂಭವವಿದೆ.

ಕಾನೂನು ವಿಭಾಗದಲ್ಲಿ 28ರಿಂದ 32 ಪ್ರಶ್ನೆ. ಮೊದಲೇ ಕಾನೂನು ಓದಿರಬೇಕಿಲ್ಲ. ಒಂದು ತತ್ವವನ್ನು ಪ್ಯಾಸೇಜಿನಲ್ಲಿ ಕೊಟ್ಟು, ಆಮೇಲೆ ಒಂದು ಸನ್ನಿವೇಶ ಕೊಡುತ್ತಾರೆ. ತತ್ವವನ್ನು ಸನ್ನಿವೇಶಕ್ಕೆ ಹಚ್ಚಬೇಕು, ಅಷ್ಟೇ. ಇದನ್ನು ನಾನು ಅಡಿಕೆ ತೋಟದಿಂದಲೇ ಕಲಿಸುತ್ತೇನೆ. 1860ರ ಐಪಿಸಿಯ 378ನೇ ಕಲಂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ, ಎರಡೂ ಕಳ್ಳತನದ ಬಗ್ಗೆ ಹೇಳುವುದು ಒಂದೇ. ಇನ್ನೊಬ್ಬರ ವಶದಲ್ಲಿರುವ ಚರ ವಸ್ತುವನ್ನು ಅವರ ಸಮ್ಮತಿ ಇಲ್ಲದೆ, ಅಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಉದ್ದೇಶದಿಂದ, ಕದಲಿಸುವುದು ಕಳ್ಳತನ. ನೆಲಕ್ಕೆ ಅಂಟಿಕೊಂಡಿರುವ ವಸ್ತು ಚರ ವಸ್ತುವಲ್ಲ. ನೆಲದಿಂದ ಬೇರ್ಪಟ್ಟ ಕ್ಷಣದಿಂದ ಅದು ಕಳ್ಳತನದ ವಸ್ತುವಾಗಬಲ್ಲದು. ಬೇರ್ಪಡಿಸುವ ಕ್ರಿಯೆಯಿಂದಲೇ ಅದು ಕದಲಿದರೂ ಸಾಕು.

ಈಗ ಸನ್ನಿವೇಶ. ಒಬ್ಬ ರಾತ್ರಿ ಬೇಲಿ ಹಾರಿ, ಕತ್ತಿ ಹಿಡಿದು ಪಕ್ಕದವರ ಅಡಿಕೆ ಮರ ಹತ್ತಿದ. ಕೊನೆಗೆ, ಅಂದರೆ ಗೊನೆಗೆ, ಕೈ ಹಾಕುವಷ್ಟರಲ್ಲಿ ಸಿಕ್ಕಿಬಿದ್ದ. ಕಳ್ಳತನವೇ? ತೋಟದ ಮನೆಯ ಮಕ್ಕಳು ಎಲ್ಲರೂ ಹೌದು ಎನ್ನುತ್ತಾರೆ. ಸಿಟ್ಟಿನಿಂದ ಹೇಳುತ್ತಾರೆ, ಆ ಸಿಟ್ಟು ನ್ಯಾಯವಾದದ್ದು. ಆದರೆ ಕೊಟ್ಟ ತತ್ವದ ಪ್ರಕಾರ ಕೊನೆ ಇನ್ನೂ ಮರದಲ್ಲಿದೆ, ಮರ ನೆಲದಲ್ಲಿದೆ. ಅವನ ಮೇಲೆ ಬೇರೆ ಆಪಾದನೆ ನಿಲ್ಲಬಹುದು, ಕಳ್ಳತನ ಪೂರ್ತಿಯಾಗಿಲ್ಲ. ಎರಡನೆಯ ಸನ್ನಿವೇಶ: ಕೊನೆ ಕಡಿದ, ಅದು ಕೆಳಗೆ ಬಿತ್ತು, ಹೊರುವ ಮೊದಲೇ ನಾಯಿ ಬೊಗಳಿತು, ಬಿಟ್ಟು ಓಡಿದ. ಈ ಸಲ ಅರ್ಧದಷ್ಟು ಮಕ್ಕಳು, ತೋಟದಿಂದ ಹೊರಗೆ ಒಯ್ಯಲಿಲ್ಲವಲ್ಲ, ಕಳ್ಳತನ ಅಲ್ಲ ಎನ್ನುತ್ತಾರೆ. ಪ್ಯಾಸೇಜಿನಲ್ಲಿ 'ಒಯ್ಯುವುದು' ಎಂಬ ಮಾತೇ ಇಲ್ಲ, 'ಕದಲಿಸುವುದು' ಎಂದಿದೆ. ಕಡಿದ ಏಟಿಗೇ ಅದು ಮುಗಿಯಿತು. ಮೊದಲ ತಪ್ಪು ಮನಸ್ಸಾಕ್ಷಿಯಿಂದ ಬಂದದ್ದು, ಎರಡನೆಯದು ಇಲ್ಲದ ಪದವನ್ನು ತಾನೇ ಸೇರಿಸಿದ್ದರಿಂದ. ಕಾನೂನು ವಿಭಾಗದಲ್ಲಿ ಮಕ್ಕಳು ಕಳೆದುಕೊಳ್ಳುವ ಅಂಕಗಳಲ್ಲಿ ಬಹುಪಾಲು ಈ ಎರಡು ದಾರಿಯಿಂದಲೇ ಸೋರುವುದನ್ನು ಕಂಡಿದ್ದೇನೆ.

ಇಲ್ಲಿ ಹಳ್ಳಿಯ ಮಗುವಿಗೆ ಒಂದು ಅನುಕೂಲವೂ ಇದೆ. ಪಹಣಿ, ಕ್ರಯಪತ್ರ, ಜಾಮೀನು, ತಕರಾರು, ತಡೆಯಾಜ್ಞೆ, ಪಂಚನಾಮೆ ಎಂಬ ಪದಗಳು ಅದರ ಜಗಲಿಯ ಮೇಲೇ ಓಡಾಡಿರುತ್ತವೆ. ಗಡಿ ಒತ್ತುವರಿಯ ಜಗಳವನ್ನು, ಪಾಲುಪಟ್ಟಿಯ ಮುನಿಸನ್ನು ಅದು ಕಣ್ಣಾರೆ ನೋಡಿರುತ್ತದೆ. ನಗರದ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಗುವಿಗೆ ಸ್ವಾಧೀನಕ್ಕೂ ಮಾಲೀಕತ್ವಕ್ಕೂ ವ್ಯತ್ಯಾಸ ಹೇಳಿಕೊಡಬೇಕು. ಗೇಣಿ ಒಕ್ಕಲಿನ ಮೊಮ್ಮಗಳಿಗೆ ಅದು ಹುಟ್ಟಿನಿಂದ ಗೊತ್ತು.

ತರ್ಕ ವಿಭಾಗದ 22ರಿಂದ 26 ಪ್ರಶ್ನೆಗಳಿಗೆ ನನ್ನ ಪಠ್ಯ ತಾಳಮದ್ದಳೆಯ ವಾಲಿವಧೆ ಪ್ರಸಂಗ. ತಮಾಷೆಗೆ ಹೇಳುತ್ತಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೂತ ಅರ್ಥಧಾರಿಗಳ ಮಾತೇ ಎಲ್ಲ. ಪ್ರಸಂಗ ಕೊಟ್ಟ ಚೌಕಟ್ಟನ್ನು ಮೀರದೆ ವಾದ ಕಟ್ಟಬೇಕು. ಬಾಣ ತಗುಲಿದ ವಾಲಿ, ನಿನಗೂ ನನಗೂ ವೈರವಿರಲಿಲ್ಲ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಕೇಳುತ್ತಾನೆ. ರಾಮನ ಕಡೆಯಿಂದ ಹಲವು ಉತ್ತರಗಳಿವೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಧರ್ಮ ಮೀರಿದ್ದಕ್ಕೆ ದಂಡ ಎಂಬುದು ಒಂದು. ನೀನು ಕಪಿ, ಬೇಟೆಯಲ್ಲಿ ಮೃಗವನ್ನು ಮರೆಯಿಂದ ಹೊಡೆಯುವುದು ದೋಷವಲ್ಲ ಎಂಬುದು ಇನ್ನೊಂದು.

ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ಮೊದಲನೆಯ ವಾದದ ಅಡಿಪಾಯದಲ್ಲಿ ಬಾಯಿಬಿಟ್ಟು ಹೇಳದ ಒಂದು ಊಹೆ ಇದೆ: ಮನುಷ್ಯರ ಧರ್ಮ ವಾಲಿಗೂ ಅನ್ವಯಿಸುತ್ತದೆ. ಎರಡನೆಯದರ ಊಹೆ ಅದಕ್ಕೆ ತದ್ವಿರುದ್ಧ: ಅವನು ಮೃಗ, ಆ ಧರ್ಮ ಅವನಿಗಿಲ್ಲ. ಎರಡೂ ಒಟ್ಟಿಗೆ ನಿಲ್ಲಲಾರವು. ಪಳಗಿದ ಅರ್ಥಧಾರಿ ವಾಲಿಯ ಪಾತ್ರದಲ್ಲಿ ಕೂತಾಗ ಬೆರಳಿಡುವುದು ಇಲ್ಲೇ. ಪಳಗಿದ ರಾಮ ಅದಕ್ಕೆ ಮೊದಲೇ ಎಚ್ಚೆತ್ತು ಒಂದನ್ನು ಮಾತ್ರ ಹಿಡಿಯುತ್ತಾನೆ. ಕ್ಲಾಟ್ ಕೇಳುವುದು ಇದನ್ನೇ: ಈ ವಾದದ ಊಹೆ ಯಾವುದು, ಯಾವ ಮಾತು ಸೇರಿಸಿದರೆ ವಾದ ಗಟ್ಟಿಯಾಗುತ್ತದೆ, ಯಾವುದು ಬಂದರೆ ಕುಸಿಯುತ್ತದೆ, ಎಲ್ಲಿ ಒಳವಿರೋಧವಿದೆ. ನಮ್ಮ ಹುಡುಗಿ ಜುಲೈಯಲ್ಲಿ ಇದನ್ನು ಅಪ್ಪನ ಜೊತೆ ರಾತ್ರಿ ಊಟದ ಹೊತ್ತಿಗೆ ವಾದಿಸಿ ಬಂದಳು. ಅಲ್ಲಿಂದಾಚೆಗೆ 'ಅಸಂಪ್ಷನ್' ಎಂಬ ಪದಕ್ಕೆ ಅವಳು ಹೆದರಲಿಲ್ಲ.

ಪ್ರಚಲಿತ ವಿದ್ಯಮಾನ ಮತ್ತು ಸಾಮಾನ್ಯ ಜ್ಞಾನದ 28ರಿಂದ 32 ಪ್ರಶ್ನೆ ಮಾತ್ರ ಸ್ವಲ್ಪ ಬೇರೆ. ಇಲ್ಲೂ ಪ್ಯಾಸೇಜು ಇರುತ್ತದೆ, ಆದರೆ ಅನೇಕ ಉತ್ತರಗಳು ಅದರಲ್ಲಿರುವುದಿಲ್ಲ, ಓದುಗನ ತಲೆಯಲ್ಲಿರಬೇಕು. ತಿಂಗಳ ಮ್ಯಾಗಜೀನುಗಳನ್ನು ಗುಡ್ಡೆ ಹಾಕಿಕೊಂಡು ಮಕ್ಕಳು ಸೋಲುವುದು ಇಲ್ಲೇ. ಬಿಡಿ ಬಿಡಿ ಸುದ್ದಿ ನಿಲ್ಲುವುದಿಲ್ಲ, ಸರಪಳಿ ನಿಲ್ಲುತ್ತದೆ. ಒಂದು ಸುದ್ದಿ ಹಿಡಿದು ಅದರ ಹಿಂದಕ್ಕೆ ನಡೆಯಬೇಕು.

ಕನ್ನಡ ನಾಡಿನವರಿಗೆ ಇದು ಎಷ್ಟು ಹತ್ತಿರದ ದಾರಿ ಎಂದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಕೆಡವುವಂತಿಲ್ಲ ಎಂದ ತೀರ್ಪು 1973ರ ಏಪ್ರಿಲ್ 24ರದು. ಹದಿಮೂರು ನ್ಯಾಯಮೂರ್ತಿಗಳಲ್ಲಿ ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ. ರಾಷ್ಟ್ರಪತಿ ಆಳ್ವಿಕೆಯ ಸುದ್ದಿ ಬಂದಾಗಲೆಲ್ಲ ಕೇಳುವ ಹೆಸರು ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ. 1989ರಲ್ಲಿ ಬಹುಮತವನ್ನು ಸದನದಲ್ಲಿ ಸಾಬೀತು ಮಾಡಲು ಅವಕಾಶ ಕೊಡದೆ ಅವರ ಸರ್ಕಾರ ವಜಾ ಆಯಿತು, 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು 356ನೇ ವಿಧಿಗೆ ಮೂಗುದಾರ ಹಾಕಿದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಮುಂದಿನ ಕೊಂಡಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಮೀಸಲಾತಿ ಅರ್ಧವನ್ನು ದಾಟಬಾರದೆಂಬ ಮಾತು ಮೊದಲು ಗಟ್ಟಿಯಾಗಿ ಕೇಳಿದ್ದು 1962ರ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ, ಎದುರು ಪಕ್ಷ ಮೈಸೂರು ರಾಜ್ಯ. ಕ್ಯಾಪಿಟೇಷನ್ ಶುಲ್ಕದ ವಿರುದ್ಧ 1992ರಲ್ಲಿ ತೀರ್ಪು ಬಂದ ಮೋಹಿನಿ ಜೈನ್ ಪ್ರಕರಣದಲ್ಲಿ ಎದುರು ಪಕ್ಷ ಕರ್ನಾಟಕ ರಾಜ್ಯ. ಪಕ್ಷಾಂತರ ಬೇಕೇ? 1985ರ 52ನೇ ತಿದ್ದುಪಡಿಯಿಂದ ಹಿಡಿದು 2019ರಲ್ಲಿ ನಮ್ಮ ಹದಿನೇಳು ಶಾಸಕರ ಅನರ್ಹತೆಯವರೆಗೆ ನಡೆದು ಬರಬಹುದು. ದೇಶದ ಸಂವಿಧಾನದ ಚರಿತ್ರೆಯ ಅರ್ಧದಷ್ಟನ್ನು ನಮ್ಮ ಮಕ್ಕಳು ಮನೆಯ ಕತೆಯಂತೆ ಕಲಿಯಬಹುದು. ಇದನ್ನು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ, ಹೇಳಿಕೊಡುವವರಿಲ್ಲವಲ್ಲ ಎಂದು ಸಂಕಟವೂ ಆಗುತ್ತದೆ.

ಸರಪಳಿ ಕಟ್ಟಿದರಷ್ಟೇ ಸಾಲದು, ಅದನ್ನು ಮತ್ತೆ ಮತ್ತೆ ಎಳೆದು ನೋಡಬೇಕು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಉರುಹೊಡೆದು, ಮರೆವು ಹೇಗೆ ಕೆಲಸ ಮಾಡುತ್ತದೆಂದು 1885ರಲ್ಲೇ ಬರೆದಿದ್ದ. ಕಲಿತ ಮೊದಲ ಗಂಟೆಗಳಲ್ಲೇ ಹೆಚ್ಚು ಸೋರಿಹೋಗುತ್ತದೆ, ಆಮೇಲೆ ನಿಧಾನ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ವಿದ್ಯಾರ್ಥಿಗಳನ್ನು ಗುಂಪು ಮಾಡಿ ನೋಡಿದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರದು ಮೇಲುಗೈ. ವಾರದ ನಂತರ ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದಿದ್ದರು. ಹೈಲೈಟರಿನಿಂದ ಹಳದಿ ಬಳಿದು ಓದಿದೆನೆಂದು ಸಮಾಧಾನಪಡುವ ಮಕ್ಕಳಿಗೆ ಇದನ್ನು ಹೇಳುತ್ತಲೇ ಇರುತ್ತೇನೆ. ಬೊಮ್ಮಾಯಿ ಪ್ರಕರಣ ಸೋಮವಾರ ಓದಿದರೆ ಮಂಗಳವಾರ ಖಾಲಿ ಹಾಳೆಯಲ್ಲಿ ಬರೆ, ಮುಂದಿನ ಭಾನುವಾರ ಬರೆ, ತಿಂಗಳು ಬಿಟ್ಟು ಮತ್ತೆ ಬರೆ.

ಗಣಿತಕ್ಕೆ 10ರಿಂದ 14 ಪ್ರಶ್ನೆ, ಹತ್ತನೇ ತರಗತಿಯ ಮಟ್ಟದವು. ಶೇಕಡಾ, ಅನುಪಾತ, ಸರಾಸರಿ, ಕೋಷ್ಟಕ ಓದುವುದು. ಕಲಾ ವಿಭಾಗದ ಮಕ್ಕಳು ಇದನ್ನು ಪೂರ್ತಿ ಕೈಬಿಡುತ್ತಾರೆ. ದಿನಕ್ಕೆ ಇಪ್ಪತ್ತು ನಿಮಿಷ ಕೊಟ್ಟರೆ ಹತ್ತರಲ್ಲಿ ಏಳೆಂಟು ಕೈಗೆ ಬರುವ ಜಾಗವನ್ನು ಬಿಟ್ಟುಕೊಡಬಾರದು. ಇಪ್ಪತ್ತರವರೆಗಿನ ಮಗ್ಗಿ ಬಾಯಲ್ಲಿದ್ದರೆ ಅರ್ಧ ದಾರಿ ಸಾಗಿದಂತೆ.

ಮಾಕ್ ಟೆಸ್ಟುಗಳ ಬಗ್ಗೆ ನನಗೆ ಸ್ಪಷ್ಟ ಅಭಿಪ್ರಾಯವಿದೆ. ಎಷ್ಟು ಬರೆದಿರಿ ಎಂಬುದು ಮುಖ್ಯವಲ್ಲ. ಎರಡು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆಯ ಪರಿಶೀಲನೆ ಬೇಕು. ಒಕ್ಕೂಟದ ಜಾಲತಾಣದಲ್ಲಿ ಹಿಂದಿನ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. 2020ರಿಂದ ಈಚಿನವು ಚಿನ್ನ. ಅವನ್ನು ಅವಸರದಲ್ಲಿ ಮುಗಿಸದೆ ಕೊನೆಯ ತಿಂಗಳುಗಳಿಗೆ ಕೆಲವನ್ನಾದರೂ ಉಳಿಸಿಕೊಳ್ಳಬೇಕು.

ಪರಿಶೀಲನೆಗೆ ಒಂದು ನೂರು ಪುಟದ ನೋಟ್‌ಬುಕ್ ಸಾಕು. ನಾವು ಅದನ್ನು ತಪ್ಪಿನ ಪುಸ್ತಕ ಎನ್ನುತ್ತೇವೆ. ಪ್ರತಿ ತಪ್ಪಿಗೂ ನಾನು ಏನು ಗುರುತಿಸಿದೆ, ಯಾಕೆ ಗುರುತಿಸಿದೆ, ಪ್ಯಾಸೇಜಿನ ಯಾವ ಪದ ನನ್ನನ್ನು ತಡೆಯಬೇಕಿತ್ತು ಎಂದು ಮೂರು ಕಾಲಂಗಳಲ್ಲಿ ಬರೆಯಬೇಕು. ಮಧ್ಯದ ಕಾಲಂ ಬಹಳ ಕಷ್ಟದ್ದು. 'ಗೊತ್ತಾಗಲಿಲ್ಲ' ಎಂದು ಬರೆಯುವಂತಿಲ್ಲ. ನಮ್ಮ ಹುಡುಗಿ ತನ್ನ ತಪ್ಪುಗಳಿಗೆ ತಾನೇ ಹೆಸರಿಟ್ಟಳು: ಅವಸರ, ನನ್ನ ಅಭಿಪ್ರಾಯ ತುರುಕಿದ್ದು, ಪ್ಯಾಸೇಜಿನಲ್ಲಿ ಇಲ್ಲದ್ದು, ಬಾಲ ಓದದ್ದು, ಪದ ಗೊತ್ತಿಲ್ಲದ್ದು. ಆರು ಮಾಕ್ ಮುಗಿದ ಮೇಲೆ ಎಣಿಸಿ ನೋಡಿದರೆ ಪದ ಗೊತ್ತಿಲ್ಲದೆ ತಪ್ಪಿದ್ದು ಕೆಲವೇ ಕೆಲವು. 'ಬಾಲ ಓದದ್ದು' ಎಂಬುದರ ಮುಂದೆ ಗೀಟುಗಳು ಸಾಲುಗಟ್ಟಿದ್ದವು. ಇಂಗ್ಲಿಷ್ ಬಾರದ್ದೇ ನನ್ನ ಕೊರತೆ ಎಂದು ಅವಳು ಹತ್ತು ವರ್ಷದಿಂದ ನಂಬಿಕೊಂಡು ಬಂದಿದ್ದಳು. ಆ ಪುಟವನ್ನು ಅವಳು ತುಂಬ ಹೊತ್ತು ನೋಡುತ್ತ ಕೂತಿದ್ದಳು. ನಾನೂ ಏನೂ ಮಾತಾಡಲಿಲ್ಲ.

ಕಾಲು ಅಂಕದ ಕಡಿತಕ್ಕೆ ಹೆದರಿ ಕೆಲವರು ಮೂವತ್ತು ಪ್ರಶ್ನೆ ಖಾಲಿ ಬಿಟ್ಟು ಬರುತ್ತಾರೆ. ಲೆಕ್ಕ ಹಾಕಿ ನೋಡಿ. ನಾಲ್ಕು ಆಯ್ಕೆಯಲ್ಲಿ ಒಂದೂ ಗೊತ್ತಿಲ್ಲದೆ ಹದಿನಾರು ಪ್ರಶ್ನೆಗೆ ಕಣ್ಣುಮುಚ್ಚಿ ಗುರುತಿಸಿದರೆ ಸರಾಸರಿ ನಾಲ್ಕು ಸರಿ, ಹನ್ನೆರಡು ತಪ್ಪು. ನಾಲ್ಕರಲ್ಲಿ ಮೂರು ಕಳೆದು ಉಳಿಯುವುದು ಒಂದು. ಅದಕ್ಕಾಗಿ ಅದೃಷ್ಟದ ಮೊರೆಹೋಗಬೇಕಿಲ್ಲ. ಆದರೆ ಎರಡು ಆಯ್ಕೆಗಳನ್ನು ಕಾರಣ ಕೊಟ್ಟು ಹೊಡೆದುಹಾಕಲು ಬಂದರೆ, ಅಂಥ ಹನ್ನೆರಡು ಪ್ರಶ್ನೆಯಲ್ಲಿ ಆರು ಸರಿ, ಆರು ತಪ್ಪು. ಕಡಿತ ಹೋಗಿ ನಾಲ್ಕೂವರೆ ಅಂಕ ಕೈಗೆ. ನೂರಾರು ಜನ ಒಂದೆರಡು ಅಂಕದ ಒಳಗೆ ಒತ್ತಿಕೊಂಡಿರುವಾಗ ನಾಲ್ಕೂವರೆ ಸಣ್ಣದಲ್ಲ. ಎರಡು ಉಳಿದಾಗ ಧೈರ್ಯ ಮಾಡು, ನಾಲ್ಕೂ ಉಳಿದಾಗ ಮುಂದೆ ಹೋಗು ಎಂಬುದು ನಮ್ಮ ಭಾನುವಾರದ ನಿಯಮ.

ಯಾವ ವಿಭಾಗ ಮೊದಲು ಎಂಬುದು ಅವರವರ ಕೈಗುಣ. ನಾನು ಪ್ರಚಲಿತ ವಿದ್ಯಮಾನವನ್ನು ಮೊದಲು ಮಾಡಿಸುತ್ತೇನೆ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ, ಹನ್ನೆರಡು ನಿಮಿಷದಲ್ಲಿ ಎದ್ದು ಬರಬಹುದು. ಕಾನೂನಿಗೆ ಮೂವತ್ತನಾಲ್ಕು, ತರ್ಕಕ್ಕೆ ಮೂವತ್ತು, ಇಂಗ್ಲಿಷಿಗೆ ಇಪ್ಪತ್ತನಾಲ್ಕು, ಗಣಿತಕ್ಕೆ ಹದಿನೈದು, ಕೈಯಲ್ಲಿ ಐದು. ಉತ್ತರ ತುಂಬುವುದು ಓಎಂಆರ್ ಹಾಳೆಯಲ್ಲಿ. ಕೊನೆಗೆ ಒಟ್ಟಿಗೆ ತುಂಬುತ್ತೇನೆಂದು ಕಾಯದೆ ಪ್ಯಾಸೇಜು ಮುಗಿದಂತೆ ತುಂಬಬೇಕು. ನಮ್ಮ ಹುಡುಗನೊಬ್ಬ ಒಂದು ಪ್ರಶ್ನೆ ಬಿಟ್ಟು ವೃತ್ತ ಬಿಡದೆ ಹನ್ನೊಂದು ಉತ್ತರ ಪಲ್ಲಟ ಮಾಡಿಕೊಂಡು ಅತ್ತದ್ದನ್ನು ನೋಡಿದ್ದೇನೆ. ಪರೀಕ್ಷೆ ಮಧ್ಯಾಹ್ನ ಎರಡರಿಂದ ನಾಲ್ಕು. ಊಟವಾಗಿ ಕಣ್ಣು ಎಳೆಯುವ ಹೊತ್ತು. ಬೆಳಗಿನ ಜಾವದ ಓದಿಗೆ ಒಗ್ಗಿದ ನಮ್ಮ ಮಕ್ಕಳ ತಲೆ ಆ ಹೊತ್ತಿಗೆ ಮಂಕಾಗಿರುತ್ತದೆ. ನವೆಂಬರಿನ ಪ್ರತಿ ಭಾನುವಾರ ಸರಿಯಾಗಿ ಎರಡು ಗಂಟೆಗೇ ಮಾಕ್ ಶುರುಮಾಡುತ್ತೇವೆ, ಅದಕ್ಕೆ ತಕ್ಕಂತೆ ಊಟ ಹಗುರ.

ಮೊದಲು ಮೇ, ಜೂನ್ ಹೊತ್ತಿಗೆ ನಡೆಯುತ್ತಿದ್ದ ಪರೀಕ್ಷೆ 2022ರಿಂದ ಡಿಸೆಂಬರಿಗೆ ಬಂದಿರುವುದು ಪಿಯುಸಿ ಮಕ್ಕಳಿಗೆ ಭಾರವೇ. ಎರಡನೇ ಪಿಯುಸಿ ಪಾಠ ಅರ್ಧ ದಾರಿಯಲ್ಲಿರುತ್ತದೆ. ಆದ್ದರಿಂದ ಮೊದಲ ಪಿಯುಸಿಯ ರಜೆಯಲ್ಲೇ ಓದಿನ ಅಭ್ಯಾಸಕ್ಕೆ ಕೈಹಚ್ಚುವುದು ಒಳ್ಳೆಯದು. ಅರ್ಜಿಗೆ ಜುಲೈ, ಆಗಸ್ಟ್ ಹೊತ್ತಿಗೆ ಕರೆ ಬರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ 4000 ರೂಪಾಯಿ, ಎಸ್‌ಸಿ, ಎಸ್‌ಟಿ ಮತ್ತು ಬಿಪಿಎಲ್ ಕುಟುಂಬದವರಿಗೆ 3500. ಕೂಲಿಯ ಮನೆಗೆ ಇದು ದೊಡ್ಡ ಮೊತ್ತ, ಇಳಿಸಬೇಕು. ಸೀಟು ಸಿಕ್ಕ ಮೇಲೆ ವರ್ಷದ ಶುಲ್ಕ ಲಕ್ಷಗಳಲ್ಲಿ. ಇಂಥ ಮಕ್ಕಳಿಗಾಗಿಯೇ 2010ರಲ್ಲಿ ಶಮ್ನಾದ್ ಬಷೀರ್ 'ಇಡಿಯಾ' ಎಂಬ ಸಂಸ್ಥೆ ಕಟ್ಟಿದರು. ನಾಗರಬಾವಿಯಲ್ಲೇ ಓದಿದವರು ಅವರು. ಬಡ, ಅಂಚಿನ ಸಮುದಾಯಗಳ ಮಕ್ಕಳನ್ನು ಹುಡುಕಿ, ತರಬೇತಿ ಕೊಟ್ಟು, ಸೇರಿದ ಮೇಲೂ ಕೈಹಿಡಿಯುವ ಕೆಲಸ ಅದು. 2019ರಲ್ಲಿ ಅವರು ನಮ್ಮ ಚಿಕ್ಕಮಗಳೂರಿನ ಬೆಟ್ಟದಲ್ಲಿ ತೀರಿಕೊಂಡರು. ಸಂಸ್ಥೆ ನಡೆಯುತ್ತಿದೆ.

ಕ್ಲಾಟ್ ಕೈಗೆ ಸಿಗದಿದ್ದರೂ ಕರಿ ಕೋಟು ತಪ್ಪುವುದಿಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳು ನಾಡಿನ ತುಂಬ ಇವೆ. ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಓದುವ ದಾರಿಯೂ ಇದೆ, ನಾಗರಬಾವಿಯ ಶಾಲೆಯೇ 2022ರಿಂದ ಅದನ್ನೂ ಶುರುಮಾಡಿದೆ, ಅದಕ್ಕೆ ಬೇರೆ ಪರೀಕ್ಷೆ. ಪ್ಯಾಸೇಜು ಓದಿ ಕಲಿತ ಕಣ್ಣು ಎಲ್ಲಿ ಹೋದರೂ ಜೊತೆಗಿರುತ್ತದೆ.

ಕಳೆದ ಭಾನುವಾರ ಹುಡುಗಿ ತಪ್ಪಿನ ಪುಸ್ತಕದ ಹಿಂಬದಿಯಲ್ಲಿ ತಾನೇ ಒಂದು ಪ್ರಶ್ನೆ ಮಾಡಿ ತಂದಿದ್ದಳು. ಗಾಳಿಗೆ ಅಡಿಕೆ ಕೊನೆ ಮುರಿದು ಬಿದ್ದಿದೆ. ದಾರಿಹೋಕನೊಬ್ಬ ಅದನ್ನು ಎತ್ತಿಕೊಂಡು ಹೋದ. ಕಡಿದವನು ಅವನಲ್ಲ. ಕಳ್ಳತನವೇ? ನಾಲ್ಕು ಆಯ್ಕೆ. ಬೇರ್ಪಡಿಸಿದ್ದು ಗಾಳಿಯಾದರೂ ಈಗ ಅದು ಚರ ವಸ್ತು, ಹಾಗಾಗಿ ಕಳ್ಳತನ ಎಂಬುದು ಅವಳ ಉತ್ತರ. ಸೊಗಸಾಗಿ ಕಟ್ಟಿದ್ದಳು. ಜಗಲಿಯಲ್ಲಿ ಕವಳ ಹಾಕುತ್ತ ಕೂತಿದ್ದ ಅಪ್ಪ ತಲೆಯಾಡಿಸಿದರು. "ನಮ್ಮೂರಲ್ಲಿ ದಾರಿಗೆ ಬಿದ್ದ ಉದುರಡಿಕೆ ಆರಿಸ್ಕೊಂಡು ಹೋದ್ರೆ ಯಾರೂ ಏನೂ ಅನ್ನಲ್ಲ. ಹಿಂದಿನಿಂದ ಬಂದ ರೂಢಿ."

"ಅಪ್ಪ, ಇದು ಪರೀಕ್ಷೆ, ನಮ್ಮೂರಲ್ಲ" ಎಂದಳು ಅವಳು. ಆಮೇಲೆ ತಡೆದಳು. ಪುಸ್ತಕದ ಪುಟ ತಿರುವಿ, ನಾನು ಬರೆಸಿದ್ದ ಕಲಮನ್ನು ಇನ್ನೊಮ್ಮೆ ಓದಿದಳು. ಸಮ್ಮತಿ ಮಾತಿನಿಂದಲೇ ಆಗಬೇಕಿಲ್ಲ, ನಡವಳಿಕೆಯಿಂದ ಊಹಿಸಬಹುದಾದ ಸಮ್ಮತಿಯೂ ಸಮ್ಮತಿ ಎಂಬ ವಿವರಣೆ ಅದರ ಕೆಳಗಿತ್ತು. ಎಲ್ಲರಿಗೂ ಗೊತ್ತಿರುವ ರೂಢಿ ಇದ್ದರೆ ಅವಳ ಉತ್ತರ ನಿಲ್ಲುವುದಿಲ್ಲ. ರಬ್ಬರ್ ತೆಗೆದುಕೊಂಡು ಪ್ರಶ್ನೆಯ ಮೂರನೇ ಸಾಲು ಅಳಿಸಿ, ಅಲ್ಲಿ ಹೀಗೆ ಬರೆದಳು: 'ಆ ಊರಿನಲ್ಲಿ ಹಾಗೆ ಆರಿಸಿಕೊಳ್ಳುವ ರೂಢಿ ಇರಲಿಲ್ಲ.' ಅಪ್ಪನಿಗೆ ಓದಿ ಹೇಳಿದಳು. ಅವರು ಒಂದು ಕ್ಷಣ ಯೋಚಿಸಿ, "ಹಂಗಾದ್ರೆ ಸರಿ" ಎಂದರು.